ಒದ್ದೆ ರೈನ್‌ಕೋಟಿನ ಜಗಳ: ಗೆಳೆಯನಿಗೊಂದು ಪತ್ರ

ಬಿಜೈ, ಮಂಗಳೂರು

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿ ಎರಡು ವಾರವಾಯಿತು. ಉತ್ತರಿಸಲು ತಡವಾದುದಕ್ಕೆ ಕ್ಷಮೆಯಿರಲಿ. ದಾವಣಗೆರೆಯಲ್ಲಿ ನೀನು ಆರಂಭಿಸಿದ ಪಾರ್ಸೆಲ್ ಏಜೆನ್ಸಿಯ ಎಂಟು ಮಂದಿ ಹುಡುಗರು ಒಂದು ಬೆಳಿಗ್ಗೆ ಚೀಲ ಎತ್ತದೆ ಹೊರಗೆ ನಿಂತುಬಿಟ್ಟರೆಂದೂ, ಏನೆಂದು ಕೇಳಿದರೆ ಮೊಬೈಲ್ ಚಾರ್ಜಿಗೆ ಹಾಕಲು ಜಾಗವಿಲ್ಲ, ಕೂರಲು ಬೆಂಚಿಲ್ಲ, ಬೈಕಿಗೆ ನೆರಳಿಲ್ಲ ಎಂದರೆಂದೂ ಬರೆದಿದ್ದೀಯೆ. ‘ಸಂಬಳ ಕೇಳಿದ್ದರೆ ಅರ್ಥವಾಗುತ್ತಿತ್ತು, ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಕೆಲಸ ನಿಲ್ಲಿಸುತ್ತಾರೆಯೇ?’ ಎಂಬ ನಿನ್ನ ಪ್ರಶ್ನೆಯನ್ನು ಓದಿ ನನಗೆ ನಗು ಬಂತು. ಕೊರಿಯರ್ ಶಾಖೆಯೊಂದರ ಇನ್‌ಚಾರ್ಜ್ ಆಗಿದ್ದ ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆ ನಾನೂ ಹೆಡ್ ಆಫೀಸಿಗೆ ಹೆಚ್ಚುಕಡಿಮೆ ಇದೇ ವಾಕ್ಯವನ್ನು ಬರೆದಿದ್ದೆ.

ನಮ್ಮಲ್ಲಿ ಜಗಳ ಹುಟ್ಟಿದ್ದು ರೈನ್‌ಕೋಟಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈನ್‌ಕೋಟೆಂದರೆ ಡೆಲಿವರಿ ಹುಡುಗನ ಎರಡನೆಯ ಚರ್ಮವಿದ್ದಂತೆ. ಕಂಪನಿಯು ಅದನ್ನು ಕೊಡುತ್ತಿತ್ತು, ಆದರೆ ಪ್ರತಿಯೊಬ್ಬರ ಮೊದಲ ಸಂಬಳದಿಂದ 600 ರೂಪಾಯಿ ಠೇವಣಿಯನ್ನು ಹಿಡಿದುಕೊಂಡು ಕೊಡುತ್ತಿತ್ತು. ಅಳತೆ ಒಂದೇ, ತೊಕ್ಕೊಟ್ಟಿನಿಂದ ಬರುತ್ತಿದ್ದ ಸಣಕಲು ಹುಡುಗನಿಗೂ ಬೋಂದೆಲಿನ ದಪ್ಪ ಹುಡುಗನಿಗೂ ಅದೇ ಕೋಟು. ಪಾರ್ಸೆಲ್‌ಗಳು ಒದ್ದೆಯಾಗಬಾರದೆಂಬ ಕಾರಣಕ್ಕೆ ಒದ್ದೆ ಕೋಟನ್ನು ಒಳಗೆ ತರಬಾರದೆಂದು ನಾನೇ ನಿಯಮ ಮಾಡಿದ್ದೆ. ಹುಡುಗರು ಅದನ್ನು ಮೆಟ್ಟಿಲ ಬಳಿಯ ಕಬ್ಬಿಣದ ಕಂಬಿಯ ಮೇಲೆ ಹರಡುತ್ತಿದ್ದರು. ಗಾಳಿಮಳೆ ಓರೆಯಾಗಿ ಹೊಡೆದಾಗ ಹೊರಮೈ ಮಾತ್ರ ಒದ್ದೆಯಾಗಿದ್ದ ಕೋಟು ಒಳಮೈಯೂ ಒದ್ದೆಯಾಗಿ, ಎರಡನೆಯ ರೌಂಡಿಗೆ ಹೊರಡುವವನು ಅದನ್ನು ತೊಡುವಾಗ ತೋಳಿನಿಂದ ನೀರು ಕುತ್ತಿಗೆಯವರೆಗೆ ಇಳಿಯುತ್ತಿತ್ತು. ಇದನ್ನು ನಾನು ವರ್ಷಗಟ್ಟಲೆ ಕಿಟಕಿಯಿಂದ ನೋಡಿದ್ದೇನೆ, ನೋಡಿಯೂ ನನಗೆ ಕಂಡಿರಲಿಲ್ಲ.

ಒಂದು ಜುಲೈಯ ರಾತ್ರಿ ಬೋಂದೆಲಿನ ಹುಡುಗನ ಕೋಟು ಗಾಳಿಗೆ ಹಾರಿ ಹೋಯಿತೋ, ಯಾರಾದರೂ ಕೊಂಡುಹೋದರೋ, ಬೆಳಿಗ್ಗೆ ಕಂಬಿಯ ಮೇಲೆ ಇರಲಿಲ್ಲ. ಹೊಸ ಕೋಟಿಗೆಂದು ಅವನ ಸಂಬಳದಿಂದ ಮತ್ತೆ 600 ರೂಪಾಯಿ ಕಡಿತವಾಯಿತು. ಸ್ಲಿಪ್ಪು ಕೈಗೆ ಬಂದ ಮರುದಿನ ಡೆಲಿವರಿ ಶೀಟುಗಳಿಗೆ ಸಹಿ ಹಾಕದೆ ಹದಿನಾಲ್ಕು ಮಂದಿಯೂ ಮೆಟ್ಟಿಲ ಮೇಲೆ ಕುಳಿತರು. ಘೋಷಣೆಯಿಲ್ಲ, ಗಲಾಟೆಯಿಲ್ಲ, ಮೇಜಿನ ಮೇಲೆ ಮುನ್ನೂರಕ್ಕೂ ಹೆಚ್ಚು ಪಾರ್ಸೆಲ್‌ಗಳು ಹಾಗೆಯೇ ಬಿದ್ದಿದ್ದವು. ನಾನು ಹೊರಗೆ ಹೋಗಿ ಸಂಬಳ ಹೆಚ್ಚಿಸುವ ವಿಚಾರವೋ ಎಂದು ಕೇಳಿದೆ. ‘ಸರ್, ಸಂಬಳದ್ದು ನಿಮ್ಮ ಕೈಯಲ್ಲಿ ಇಲ್ಲ ಅಂತ ನಮಗೆ ಗೊತ್ತುಂಟು. ಕೋಟು ಒಣಗಿಸಲು ಹಗ್ಗ ಕಟ್ಟುವುದು ನಿಮ್ಮ ಕೈಯಲ್ಲೇ ಉಂಟಲ್ಲ?’ ಎಂದು ತೊಕ್ಕೊಟ್ಟಿನವನು ಹೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ ಮಾರಾಯ.

ನಿನ್ನ ಪ್ರಶ್ನೆಗೆ ಉತ್ತರವೂ ಅದೇ ಎಂದು ನನ್ನ ಅಭಿಪ್ರಾಯ. ಸಂಬಳದ ದರವನ್ನು ನಿರ್ಧರಿಸುವವನು ಎಲ್ಲೋ ದೂರದಲ್ಲಿ ಇರುತ್ತಾನೆ, ಅವನ ಮುಖವನ್ನು ಹುಡುಗರು ಕಂಡಿರುವುದಿಲ್ಲ. ಹಗ್ಗ, ಬೆಂಚು, ಚಾರ್ಜಿಂಗ್ ಪಾಯಿಂಟುಗಳಾದರೆ ಎದುರಿಗೇ ಇರುವ ಮನುಷ್ಯ ಅದೇ ದಿನ ಮಾಡಬಹುದಾದ ಕೆಲಸಗಳು; ಅಷ್ಟನ್ನೂ ಅವನು ಮಾಡದಿದ್ದಾಗ ತಮ್ಮನ್ನು ಅವನು ಯಾವ ಲೆಕ್ಕದಲ್ಲಿ ಇಟ್ಟಿದ್ದಾನೆಂಬುದು ಅವರಿಗೆ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಬೇಡಿಕೆ ಸಣ್ಣದಾದಷ್ಟೂ ಅದನ್ನು ನಿರಾಕರಿಸಿದ ಸಿಟ್ಟು ದೊಡ್ಡದಾಗುತ್ತದೆ.

ಹೆಡ್ ಆಫೀಸಿನಿಂದ ‘ಇಂತಹ ಸಣ್ಣ ಪುಟ್ಟ ವಿಷಯಗಳನ್ನು ಶಾಖೆಯ ಮಟ್ಟದಲ್ಲೇ ಬಗೆಹರಿಸಿಕೊಳ್ಳಿ’ ಎಂಬ ಒಂದು ಸಾಲಿನ ಉತ್ತರ ಬಂತು. ಕಡಿತ ಮಾಡಿದ 600 ರೂಪಾಯಿಯನ್ನು ಹಿಂದಿರುಗಿಸುವ ಅಧಿಕಾರವನ್ನು ಮಾತ್ರ ಶಾಖೆಯ ಮಟ್ಟಕ್ಕೆ ಕೊಟ್ಟಿರಲಿಲ್ಲ. ಆ ಸಂಜೆ ನಮ್ಮ ಬೀದಿಯಲ್ಲೇ ಇದ್ದ ವಕೀಲರೊಬ್ಬರ ಬಳಿ ಇದನ್ನು ಹೇಳಿಕೊಂಡಾಗ ಅವರು ಎರಡು ಹಳೆಯ ಪುಸ್ತಕಗಳನ್ನು ತೆರೆದು ತೋರಿಸಿದರು. 1948ರ ಕಾರ್ಖಾನೆಗಳ ಕಾಯ್ದೆಯ 43ನೆಯ ಕಲಮಿನಲ್ಲಿ ಕೆಲಸಗಾರರ ಒದ್ದೆ ಬಟ್ಟೆಯನ್ನು ಒಣಗಿಸುವ ವ್ಯವಸ್ಥೆಯ ಪ್ರಸ್ತಾಪವಿದೆ, 44ನೆಯದರಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರುವ ಅನುಕೂಲ. ಬಸ್ಸು ಲಾರಿಗಳ ಕೆಲಸಗಾರರಿಗಾಗಿ ಬಂದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲಂತೂ, ಸರ್ಕಾರವು ನಿಯಮ ಮಾಡಿ ಮಾಲೀಕರಿಂದ ಕೊಡಿಸಬಹುದಾದ ವಸ್ತುಗಳ ಸಾಲಿನಲ್ಲಿ ಸಮವಸ್ತ್ರದ ಜೊತೆಗೆ ರೈನ್‌ಕೋಟಿನ ಹೆಸರೇ ಇದೆ. ನಮ್ಮ ಶಾಖೆ ಕಾರ್ಖಾನೆಯಲ್ಲ, ನಮ್ಮ ಹುಡುಗರು ಬಸ್ಸಿನ ಚಾಲಕರೂ ಅಲ್ಲ, ಹಾಗಾಗಿ ಅವುಗಳಿಂದ ನಮಗೇನೂ ಆಗಲಿಲ್ಲ. 2025ರ ನವೆಂಬರ್ 21ರಿಂದ ಆ ಎರಡೂ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ ಕೂಡ. ಆದರೆ ನಾನು ಸಣ್ಣ ವಿಷಯವೆಂದು ಬರೆದ ರೈನ್‌ಕೋಟು ನಾನು ಹುಟ್ಟುವ ಮೊದಲೇ ಸಂಸತ್ತಿನಲ್ಲಿ ಅಂಗೀಕಾರವಾದ ಕಾಯ್ದೆಯೊಂದರ ಒಳಗಿತ್ತೆಂಬುದು ನನ್ನನ್ನು ಸ್ವಲ್ಪ ಮೆತ್ತಗಾಗಿಸಿತು.

ಮರುದಿನ ಪೆಟಿ ಕ್ಯಾಶಿನಿಂದ 1,850 ರೂಪಾಯಿ ತೆಗೆದು ಕಟ್ಟಡದ ಹಿಂಬದಿಗೆ ಶೀಟಿನ ಮಾಡು ಇಳಿಸಿ, ಅದರಡಿ ಎರಡು ಸಾಲು ನೈಲಾನ್ ಹಗ್ಗ ಕಟ್ಟಿಸಿದೆ. ಪ್ರತಿಯೊಬ್ಬನಿಗೂ ಒಂದೊಂದು ಹ್ಯಾಂಗರ್. ಬೋಂದೆಲಿನವನ ದುಡ್ಡು ಹಿಂದಿರುಗಲು ಮಾತ್ರ ಮೂರು ತಿಂಗಳು ಬೇಕಾಯಿತು.

ಹಗ್ಗ ಕಟ್ಟಿದ ಮೇಲೆ ಹುಡುಗರು ಒಂದೊಂದಾಗಿ ಬೇರೆ ಮಾತುಗಳನ್ನೂ ಆಡತೊಡಗಿದರು. ಎಲ್ಲವೂ ನ್ಯಾಯವಾಗಿತ್ತೆಂದು ನಾನು ಹೇಳುವುದಿಲ್ಲ. ಕಚೇರಿಯಲ್ಲಿ ಹಚ್ಚುವ ಊದುಬತ್ತಿಯಿಂದ ತನಗೆ ತಲೆನೋವು ಬರುತ್ತದೆಂದು ಹೇಳಿದವನು ದಿನಕ್ಕೆ ಎಷ್ಟು ಸಿಗರೇಟು ಸೇದುತ್ತಾನೆಂಬುದು ನನಗೆ ಗೊತ್ತಿತ್ತು. ಆದರೆ ಶೌಚಾಲಯದ ಕೀಲಿಯ ವಿಷಯ ಬಂದಾಗ ನಾನು ತಲೆ ತಗ್ಗಿಸಬೇಕಾಯಿತು. ಆ ಕೀಲಿಗೆ, ಯಾರೂ ಜೇಬಿನಲ್ಲಿ ಹಾಕಿಕೊಂಡು ಹೋಗದಿರಲೆಂದು, ಅಂಗೈಯಷ್ಟು ಅಗಲದ ಮರದ ತುಂಡೊಂದನ್ನು ದಾರದಿಂದ ಕಟ್ಟಿ ನನ್ನ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದ್ದೆ. ಬೇಕಾದವರು ಗ್ರಾಹಕರ ಸಾಲನ್ನು ದಾಟಿ ಬಂದು, ನಾನು ಫೋನಿನಲ್ಲಿದ್ದರೆ ಮಾತು ಮುಗಿಯುವವರೆಗೆ ನಿಂತು, ಕೇಳಿ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ ಆ ಮರದ ತುಂಡನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ನಮ್ಮಲ್ಲಿ ಆಗ ಬಿಲ್ಲಿಂಗಿಗೆಂದು ಇದ್ದ ಒಬ್ಬಳೇ ಹುಡುಗಿ ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲವೆಂಬುದು ನನಗೆ ತಿಳಿದದ್ದು ಆಗಲೇ. ಮರದ ತುಂಡನ್ನು ಬಿಸಾಡಿ, ಕೀಲಿಯನ್ನು ಬಾಗಿಲ ಪಕ್ಕದಲ್ಲೇ ನೇತುಹಾಕಿದೆವು. ನಾನು ನಿವೃತ್ತನಾಗುವವರೆಗೆ ಅದು ಒಮ್ಮೆಯೂ ಕಳೆದುಹೋಗಲಿಲ್ಲ.

ಇವೆಲ್ಲಕ್ಕಿಂತ ಕಠಿಣವಾಗಿದ್ದುದು ‘ಫೇಕ್ ಅಟೆಂಪ್ಟ್’ ಎಂಬ ದಂಡ. ಹುಡುಗ ಗ್ರಾಹಕರ ಮನೆಗೆ ಹೋಗದೆಯೇ ‘ಮನೆಗೆ ಬೀಗ’ ಎಂದು ನಮೂದಿಸಿದನೆಂದು, ಅವನು ನಿಂತ ಜಾಗವನ್ನೂ ದಾಖಲಿಸುವ ಡೆಲಿವರಿ ಯಂತ್ರಕ್ಕೆ ಸಂಶಯ ಬಂದರೆ ಒಂದು ಪಾರ್ಸೆಲಿಗೆ 50 ರೂಪಾಯಿ ಕಡಿತ. ಮೋಸ ಮಾಡುವವರು ಇದ್ದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಊರಿನ ವಿಳಾಸ ನಿನಗೆ ಗೊತ್ತಲ್ಲ: ಮನೆಯ ಹೆಸರು, ‘ದೈವಸ್ಥಾನದ ಹತ್ತಿರ’, ‘ಶಕ್ತಿನಗರ’, ಅಷ್ಟೇ. ಮುಖ್ಯರಸ್ತೆಯಿಂದ ನೂರೈವತ್ತು ಮೆಟ್ಟಿಲು ಇಳಿದರೆ ಮನೆ ಸಿಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. ಬೀಗ ಹಾಕಿದ ಮನೆಯನ್ನು ನೋಡಿ, ಮೆಟ್ಟಿಲು ಹತ್ತಿ ಮೇಲೆ ಬಂದು ನಮೂದಿಸಿದರೆ ಅವನು ನಿಂತ ಜಾಗ ಮನೆಯಿಂದ ದೂರವೆಂದು ಯಂತ್ರ ಹೇಳುತ್ತದೆ, ದಂಡ ಬೀಳುತ್ತದೆ. ಯಂತ್ರದ ಎದುರು ಸಾಕ್ಷಿ ಹೇಳುವವರು ಯಾರು?

ಆಗೆಲ್ಲ ನನಗೆ ಅಮ್ಮನ ನೆನಪಾಗುತ್ತಿತ್ತು. ನಿನಗೂ ನೆನಪಿರಬಹುದು, ನಮ್ಮ ಮನೆಯ ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಅವರು ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಂತಿಷ್ಟೆಂದು ಕೂಲಿ. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದಾಗ ಅಲ್ಲಿಯವರು ಕಟ್ಟುಗಳನ್ನು ಬಿಡಿಸಿ ಒಂದು ಹಿಡಿ ಬೀಡಿಯನ್ನು ಸರಿಯಿಲ್ಲವೆಂದು ಬದಿಗೆ ಸರಿಸುತ್ತಿದ್ದರು. ಏಕೆ ಸರಿಯಿಲ್ಲವೆಂದು ಹೇಳುತ್ತಿರಲಿಲ್ಲ. ಅಮ್ಮ ದಾರಿಯುದ್ದಕ್ಕೂ ಆ ಒಂದು ಹಿಡಿಯ ವಿಷಯವನ್ನೇ ಮಾತನಾಡುತ್ತಿದ್ದರು, ಕೂಲಿಯ ದರದ ಬಗ್ಗೆ ಒಮ್ಮೆಯೂ ಅಲ್ಲ. 1966ರಲ್ಲಿ ಬಂದ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆಯು ಈ ಒಂದು ಹಿಡಿಯನ್ನೂ ಬಿಟ್ಟಿರಲಿಲ್ಲವೆಂದು ಅದೇ ವಕೀಲರು ತಿಳಿಸಿದರು. ಎಲೆ ತಂಬಾಕು ಕೊಡುವುದು, ಕಟ್ಟಿದ ಬೀಡಿಯನ್ನು ತಿರಸ್ಕರಿಸುವುದು, ತಿರಸ್ಕರಿಸಿದ ಬೀಡಿಯ ಕೂಲಿ, ಇವುಗಳ ಬಗೆಗಿನ ತಕರಾರನ್ನು ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯೊಬ್ಬನು ಸಂಕ್ಷಿಪ್ತವಾಗಿ ವಿಚಾರಿಸಿ ತೀರ್ಮಾನಿಸಬೇಕೆಂದು ಅದರ 39ನೆಯ ಕಲಮು ಹೇಳುತ್ತಿತ್ತು. ಮನೆಯಲ್ಲಿ ಕುಳಿತು ಕೆಲಸ ಮಾಡುವ ಹೆಂಗಸಿಗೆ ಕಾಗದದ ಮೇಲಾದರೂ ಇದ್ದ ಆ ದಾರಿ 50 ರೂಪಾಯಿ ಕಳೆದುಕೊಂಡ ನಮ್ಮ ಹುಡುಗನಿಗೆ ಇರಲಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟು, ದಂಡ ಬಿದ್ದ ಪ್ರತಿಯೊಂದು ಪಾರ್ಸೆಲಿನ ಬಗ್ಗೆ ಹುಡುಗನ ಮಾತನ್ನು ಅವನ ಕೈಯಿಂದಲೇ ಬರೆಸಿ, ಗ್ರಾಹಕರಿಗೆ ಫೋನು ಮಾಡಿ ವಿಚಾರಿಸಿ, ತಿಂಗಳ ಕೊನೆಗೆ ಕಳುಹಿಸತೊಡಗಿದೆ. ಅರ್ಧದಷ್ಟು ದಂಡಗಳು ರದ್ದಾದವು. ಉಳಿದರ್ಧದ ವಿಷಯದಲ್ಲಿ ಹುಡುಗರು ಮತ್ತೆ ತಕರಾರು ಎತ್ತಲಿಲ್ಲವೆಂಬುದನ್ನು ನೀನು ಗಮನಿಸಬೇಕು.

ಈಗ ಬೆಂದೂರ್‌ವೆಲ್ಲಿನ ಹೋಟೆಲುಗಳ ಹೊರಗೆ ಮಳೆಯಲ್ಲಿ ಆರ್ಡರಿಗಾಗಿ ಕಾಯುತ್ತಾ ನಿಲ್ಲುವ ಹುಡುಗರನ್ನು ಕಂಡಾಗ, ಇವರು ಹಗ್ಗ ಬೇಕೆಂದು ಯಾರ ಮೆಟ್ಟಿಲ ಮೇಲೆ ಕೂರಬೇಕೆಂದು ಯೋಚಿಸುತ್ತೇನೆ. ಅವರಿಗೆ ಶಾಖೆಯೂ ಇಲ್ಲ, ಇನ್‌ಚಾರ್ಜೂ ಇಲ್ಲ. ಕರ್ನಾಟಕದಲ್ಲಿ 2025ರಲ್ಲಿ ಇವರಂತೆ ಆ್ಯಪ್‌ಗಳ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಬಂದಿದೆ. ಕೆಲಸದಿಂದ ತೆಗೆಯುವ ಮೊದಲು ಕಾರಣ ಕೊಟ್ಟು 14 ದಿನಗಳ ನೋಟಿಸು ನೀಡಬೇಕೆಂದೂ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕೆಂದೂ ಅದರಲ್ಲಿದೆ. ಒಳ್ಳೆಯದೇ. ಹೋಟೆಲಿನವರು ಇವರನ್ನು ಒಳಗಿನ ಕುರ್ಚಿಯಲ್ಲಿ ಕೂರಿಸುತ್ತಾರೆಯೇ ಎಂಬುದು ಬೇರೆ ವಿಷಯ. ಇಲ್ಲಿಂದ ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ, ದಿನವಿಡೀ ನಿಂತೇ ಇರಬೇಕಾಗಿದ್ದ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಕೇಳಿದ ಮೇಲೆ, 2018ರಲ್ಲಿ ಕೂರುವ ಹಕ್ಕು ಕಾನೂನಿನಲ್ಲಿ ಸೇರಿತು. ಒಂದು ಸ್ಟೂಲಿಗಾಗಿ ಅಷ್ಟು ವರ್ಷ!

ನಿನ್ನ ವಿಷಯಕ್ಕೆ ಬರುತ್ತೇನೆ. ಬೆಂಚನ್ನು ನಾಳೆಯೇ ತರಿಸು. ನೆರಳಿಗೆ ಕಟ್ಟಡದ ಮಾಲೀಕರು ಒಪ್ಪಬೇಕೆಂದು ಬರೆದಿದ್ದೀಯಲ್ಲ, ಅದನ್ನು ಹುಡುಗರಿಗೂ ಹಾಗೆಯೇ ಹೇಳು. ಸಾಧ್ಯವಾದರೆ ಅವರಲ್ಲೊಬ್ಬನನ್ನು ಕರೆದುಕೊಂಡೇ ಮಾಲೀಕರ ಬಳಿಗೆ ಹೋಗು. ಚಾರ್ಜಿಂಗ್ ಬೋರ್ಡಿಗೆ ಆರು ಪಾಯಿಂಟು ಸಾಕೆಂದು ನೀನು ಲೆಕ್ಕ ಹಾಕಿರುವುದು ಸರಿಯಲ್ಲ. ಎಂಟು ಮಂದಿಯೂ ಬೆಳಿಗ್ಗೆ ಲೋಡು ವಿಂಗಡಿಸುವ ಅದೇ ಒಂದು ಗಂಟೆಯಲ್ಲಿ ಫೋನುಗಳನ್ನು ಹಾಕುತ್ತಾರೆ, ಉಳಿದ ಇಬ್ಬರು ಮಧ್ಯಾಹ್ನ ಬ್ಯಾಟರಿ ಮುಗಿದು ದಾರಿಯಲ್ಲಿ ನಿಂತರೆ ಅವರ ಪಾರ್ಸೆಲ್‌ಗಳೂ ನಿಲ್ಲುತ್ತವೆ. ಹತ್ತು ಪಾಯಿಂಟು ಹಾಕಿಸು, ಸೊಂಟದ ಎತ್ತರದಲ್ಲಿ, ಕೆಳಗೆ ಫೋನಿಡಲು ಒಂದು ಹಲಗೆಯ ಸಮೇತ. ಜೂನ್‌ಗೆ ಮೊದಲು ಹಗ್ಗವನ್ನೂ ಕಟ್ಟಿಸು. ನಮ್ಮಷ್ಟು ಮಳೆ ನಿಮ್ಮಲ್ಲಿ ಬಾರದಿದ್ದರೂ ಕೋಟು ಒದ್ದೆಯಾಗಲು ಒಂದು ಮಳೆ ಸಾಕು.

ನಿನ್ನ ಹಳೆಯ ಗೆಳೆಯ