ಬೆಟಗೇರಿಯ ಬುಧವಾರದ ಕೋಣೆಗೆ ಹೊಸ ಮಾಡು ಬೇಕಾಗಿದೆ

ಕ್ರಿಸ್ತನಲ್ಲಿ ಪ್ರಿಯರಾದ ಬಂಧುಗಳೇ, ಗದಗ-ಬೆಟಗೇರಿಯ ಹಿತೈಷಿಗಳೇ,

ನಮ್ಮ ದೇವಾಲಯದ ಹಿಂದೆ ಒಂದು ಹಂಚಿನ ಕೋಣೆ ಇದೆ. ಬೇವಿನ ಮರದ ಮರೆಯಲ್ಲಿರುವುದರಿಂದ ಹೊಸಬರಿಗೆ ಕಾಣುವುದೇ ಇಲ್ಲ. ಪ್ರತಿ ಬುಧವಾರ ಸಂಜೆ ಏಳಕ್ಕೆ ಅಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುತ್ತೇವೆ. ಮಗ್ಗದ ಕೆಲಸದವರು, ಎಪಿಎಂಸಿ ಹಮಾಲರು, ಮನೆಗೆಲಸಕ್ಕೆ ಹೋಗುವ ಅಕ್ಕಂದಿರು, ನಿವೃತ್ತಿಯಾದ ಒಬ್ಬಿಬ್ಬರು ಮಾಸ್ತರರು ಬರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಓದಲು ಬರುವುದಿಲ್ಲ, ಬರುವವರಿಗೆ ಕಣ್ಣು ಸಾಲುವುದಿಲ್ಲ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಈ ಮಳೆಗಾಲದಲ್ಲಿ ಮಾಡು ಸೋರಿ, ಐದು ಕಡೆ ಬಕೆಟ್ ಇಟ್ಟುಕೊಂಡು ಓದಿದೆವು. ಅದಕ್ಕೇ ಈ ಮನವಿ.

ಲೆಕ್ಕ ಹೇಳುವ ಮೊದಲು ಆ ಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಹೇಳಬೇಕು. ಇಲ್ಲದಿದ್ದರೆ ನಾಲ್ಕು ಹಂಚಿಗೆ ಯಾಕೆ ಹಣ ಕೊಡಬೇಕು, ಅಲ್ವಾ?

ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ. ಇಡೀ ಆಯುಷ್ಯ ಮಗ್ಗದ ಮುಂದೆ ಕಳೆದವರು. ಅಕ್ಷರ ಬರುವುದಿಲ್ಲ. ಯಾವುದಾದರೂ ವಾಕ್ಯ ಮನಸ್ಸಿಗೆ ನಾಟಿದರೆ ಓದುವವರನ್ನು ನಿಲ್ಲಿಸುತ್ತಾರೆ. ಸೀರೆ ಅಂಚಿನ ಕೆಂಪು ನೂಲು ಒಂದು ಗೇಣು ತೆಗೆದು, ಆ ಪುಟದಲ್ಲಿ ಇಡಿಸುತ್ತಾರೆ. ಗುರುತಿಗೆ ಇರಬೇಕು ಅಂತ ನಾನು ಮೊದಲು ತಿಳಿದುಕೊಂಡಿದ್ದೆ. ಅಲ್ಲ. ಆ ವಾಕ್ಯದಂತೆ ತಾವು ನಡೆದ ಮೇಲೆ ನೂಲು ತೆಗೆಸುತ್ತಾರೆ. ಅಲ್ಲಿಯವರೆಗೆ ಅದು ಅಲ್ಲೇ ಇರುತ್ತದೆ.

ಒಂದು ನೂಲು ಮತ್ತಾಯನ ಐದನೇ ಅಧ್ಯಾಯದಲ್ಲಿ ನಾಲ್ಕು ತಿಂಗಳು ಇತ್ತು. ಕಾಣಿಕೆ ತೆಗೆದುಕೊಂಡು ಬಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಯೇಸು ಹೇಳುವ ಜಾಗ ಅದು, 23 ಮತ್ತು 24ನೇ ವಚನ. ಅಜ್ಜಿಗೂ ಅವರ ಅಕ್ಕನಿಗೂ ಹಿತ್ತಲ ಗೋಡೆಯ ವಿಷಯಕ್ಕೆ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು. ಪ್ರತಿ ಬುಧವಾರ ಓದುವ ಹುಡುಗ ಕೇಳುತ್ತಿದ್ದ, "ಅಜ್ಜಿ, ನೂಲು ತೆಗೀಲೇನು?" ಅಜ್ಜಿ ತಲೆ ಅಲ್ಲಾಡಿಸುತ್ತಿದ್ದರು. "ಇನ್ನಾ ಆಗಿಲ್ಲ ತಮ್ಮಾ, ಅಲ್ಲೇ ಇರ್ಲಿ." ಒಂದು ಭಾನುವಾರ ಆರಾಧನೆಗೆ ಬರಲಿಲ್ಲ. ಎಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅಕ್ಕನ ಮನೆಗೆ ಹೋಗಿದ್ದರು. ಮುಂದಿನ ಬುಧವಾರ ಕೋಣೆಗೆ ಬಂದವರೇ ಮೊದಲು ಹೇಳಿದ್ದು, "ತಗಿ ಆ ನೂಲ."

ದೇವರಿಗೆ ಒಪ್ಪಿಸಿಕೊಡುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆ ದಿನ. ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ, "ಎಲ್ಲಾ ದೇವರಿಗೆ ಬಿಟ್ಟೀನಿ" ಅಂತ. ಹೇಳಿ ಸುಮ್ನೆ ಕೂತುಬಿಡುತ್ತೇವೆ. ಸತ್ಯವೇದದಲ್ಲಿ ಹಾಗೆ ಕೂತವರು ನನಗೆ ಕಾಣುವುದಿಲ್ಲ. ಮರಿಯಳನ್ನೇ ನೋಡಿ. ನಾನು ಕರ್ತನ ದಾಸಿ, ನಿನ್ನ ಮಾತಿನಂತೆ ನನಗಾಗಲಿ ಅಂತ ಲೂಕನ ಮೊದಲ ಅಧ್ಯಾಯದಲ್ಲಿ ತನ್ನನ್ನು ಪೂರ್ತಿ ಒಪ್ಪಿಸುತ್ತಾಳೆ. ಮರುವಚನದಲ್ಲೇ ಎದ್ದು, ಅವಸರದಿಂದ ಬೆಟ್ಟದ ಸೀಮೆಗೆ ಹೊರಡುತ್ತಾಳೆ. ಬಸುರಿ ಎಲಿಸಬೇತಳ ಹತ್ತಿರ ಹೆಚ್ಚುಕಡಿಮೆ ಮೂರು ತಿಂಗಳು ಇರುತ್ತಾಳೆ. ಒಪ್ಪಿಸಿಕೊಟ್ಟ ಮೇಲೆ ಅವಳ ಕಾಲು ನಿಲ್ಲಲಿಲ್ಲ.

37ನೇ ಕೀರ್ತನೆಯಲ್ಲಿ ನಿನ್ನ ದಾರಿಯನ್ನು ಯೆಹೋವನಿಗೆ ಒಪ್ಪಿಸು ಅಂತ ಇದೆಯಲ್ಲ, ಅಲ್ಲಿ ಮೂಲ ಇಬ್ರಿಯ ಪದದ ಅರ್ಥ ಉರುಳಿಸು ಅಂತ. ಇದನ್ನು ಕೇಳಿದಾಗ ನನಗೆ ನಮ್ಮ ತಂದೆ ನೆನಪಾದರು. ಅವರು ಗದಗ ಎಪಿಎಂಸಿಯಲ್ಲಿ ಹಮಾಲರಾಗಿದ್ದರು. ಹೆಸರುಕಾಳಿನ ಚೀಲ ಬೆನ್ನ ಮೇಲೆ ಹೊತ್ತು ಲಾರಿಯ ತನಕ ಬಂದು, ಅಂಚಿಗೆ ಬೆನ್ನು ಕೊಟ್ಟು ಭುಜ ಸ್ವಲ್ಪ ವಾರೆ ಮಾಡುತ್ತಿದ್ದರು. ಚೀಲ ತಾನಾಗೇ ಲಾರಿಯೊಳಗೆ ಉರುಳುತ್ತಿತ್ತು. ಒಂದು ದೊಡ್ಡ ಉಸಿರು ಬಿಟ್ಟು, ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು ಮುಂದಿನ ಚೀಲಕ್ಕೆ ನಡೆಯುತ್ತಿದ್ದರು. ಭಾರ ಇಳಿಸಿದವರು ಮನೆಗೆ ಹೋಗುತ್ತಿರಲಿಲ್ಲ, ಕೆಲಸಕ್ಕೇ ಹೋಗುತ್ತಿದ್ದರು.

ನಮ್ಮ ಬುಧವಾರದ ಓದು ಹಾಗೇ ಮುಗಿಯುತ್ತದೆ. ಕೊನೆಗೆ ಒಂದೇ ಪ್ರಶ್ನೆ: ಇವತ್ತು ಕೇಳಿದ್ದನ್ನು ನಾಳೆ ಏನು ಮಾಡೋಣ? ವಾಕ್ಯ ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ, ಆ ಮುಖವನ್ನೇ ಮರೆತವನ ಹಾಗೆ ಅಂತ ಯಾಕೋಬ ಬರೆದಿದ್ದಾನೆ. ಯಾಕೋಬನ ಆ ಪತ್ರ ಓದಿದ ವಾರ ಅಕ್ಕಂದಿರು ಒಂದು ಕೆಲಸ ಶುರು ಮಾಡಿದರು. ಬುಧವಾರ ಮನೆಯಲ್ಲಿ ರೊಟ್ಟಿ ಬಡಿಯುವಾಗ ಇನ್ನೆರಡು ಜಾಸ್ತಿ ಬಡಿದು ಇಲ್ಲಿಗೆ ತರುತ್ತಾರೆ. ಗುರುವಾರ ಬೆಳಿಗ್ಗೆ ಇಬ್ಬರು ಅವನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುತ್ತಾರೆ. ಹಳ್ಳಿಯಿಂದ ರೋಗಿಗಳ ಜೊತೆ ಬಂದು ವರಾಂಡದಲ್ಲಿ ಮಲಗಿರುವವರಿಗೆ ಕೊಡುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಕೇಳುವುದಿಲ್ಲ, ಪ್ರಚಾರ ಮಾಡುವುದಿಲ್ಲ. ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಸುವ ಜಿಲ್ಲೆ ನಮ್ಮದು. ರೊಟ್ಟಿ ಹಂಚಿ ತಿನ್ನುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಈ ಓದು ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಅವರು ಜೊತೆಗಾರರೊಂದಿಗೆ ವರ್ಷಗಟ್ಟಲೆ ದುಡಿದು ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದದ್ದು 1831ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅವರಲ್ಲಿ ವೈಗ್ಲೆ, ಮೋಗ್ಲಿಂಗ್ ಅಂಥವರು ಆ ಕನ್ನಡವನ್ನು ತಿದ್ದಿ, ಜನರ ಕಿವಿಗೆ ಹತ್ತಿರ ಮಾಡಲು ಕೂತರು. ಅಷ್ಟು ಜನ ಕಣ್ಣು ಸವೆಸಿ ಕೊಟ್ಟ ಪುಸ್ತಕ ಇವತ್ತು ನಮ್ಮ ಹಿರಿಯರ ಕೈಯಲ್ಲಿದೆ, ಆದರೆ ಅಕ್ಷರ ಸಣ್ಣದು. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಕೋಣೆಯ ಹಂಚೂ ಅವರ ಕಾಲದ್ದೇ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಒಡೆದು ಬಿದ್ದ ಹಂಚೊಂದನ್ನು ತಿರುಗಿಸಿ ಒರೆಸಿದಾಗ ಮಿಶನ್ನಿನ ಮುದ್ರೆ ಸ್ಪಷ್ಟವಾಗಿ ಕಂಡಿತು. ಹಂಚುಗಳಲ್ಲಿ ಬಹಳಷ್ಟು ಈಗಲೂ ಗಟ್ಟಿ ಇವೆ. ಗೆದ್ದಲು ತಿಂದಿರುವುದು ಕೆಳಗಿನ ತೊಲೆ, ರೀಪುಗಳನ್ನು. ಗಟ್ಟಿ ಹಂಚು ಇಳಿಸಿಟ್ಟು, ಹೊಸ ಮರ ಹಾಕಿ, ಅವನ್ನೇ ಮತ್ತೆ ಹೊದಿಸಬೇಕು. ಸಿಮೆಂಟ್ ಶೀಟ್ ಹಾಕಿದರೆ ಖರ್ಚು ಕಡಿಮೆ ಅಂತ ಕೆಲವರು ಅಂದರು. ನಮ್ಮ ಬೇಸಿಗೆಯಲ್ಲಿ ಶೀಟಿನ ಕೆಳಗೆ ವಯಸ್ಸಾದವರನ್ನು ಕೂರಿಸುವ ಮನಸ್ಸು ನಮಗಿಲ್ಲ.

ಮಾಡಿನ ಕೆಲಸಕ್ಕೆ 1,95,000 ರೂಪಾಯಿ ಬೇಕು. ವೈರಿಂಗ್, ಬೆಂಚು, ಒಂದು ಕಪಾಟಿಗೆ 40,000. ದೊಡ್ಡ ಅಕ್ಷರದ ಸತ್ಯವೇದಗಳಿಗೆ, ಹಾಸಿಗೆ ಹಿಡಿದವರ ಮನೆಗೆ ಕೊಡಲು ಓದಿ ಕೇಳಿಸುವ ಸಣ್ಣ ಆಡಿಯೋ ಪೆಟ್ಟಿಗೆಗಳಿಗೆ 25,000. ಒಟ್ಟು 2,60,000. ಸಭೆಯವರೇ ಈವರೆಗೆ 71,500 ಕೂಡಿಸಿದ್ದಾರೆ. ಇನ್ನು 1,88,500 ಬೇಕು. ಈಸ್ಟರ್ ಮುಗಿದ ಕೂಡಲೇ ಕೆಲಸ ಹಿಡಿದರೆ ಜೂನ್ ಮಳೆಗೆ ಮುಂಚೆ ಮುಗಿಯುತ್ತದೆ.

ಹಿಂದೊಮ್ಮೆ ಒಬ್ಬ ಗುತ್ತಿಗೆದಾರರಿಗೆ ಪೂರ್ತಿ ಮುಂಗಡ ಕೊಟ್ಟು ತೊಂದರೆಪಟ್ಟಿದ್ದೇವೆ, ಕೆಲಸ ಅರ್ಧಕ್ಕೇ ನಿಂತಿತು. ಕೊಟ್ಟವರಿಗೆ ಇದು ಗೊತ್ತಿರಬೇಕು. ಈ ಸಲ ಕೆಲಸ ಆದಷ್ಟಕ್ಕೆ ಮಾತ್ರ ಹಣ. ಸಭಾಪಾಲಕರು ಮತ್ತು ಖಜಾಂಚಿ ಇಬ್ಬರೂ ಸಹಿ ಹಾಕದೆ ಒಂದು ರೂಪಾಯಿ ಹೊರಗೆ ಹೋಗುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಲೆಕ್ಕವನ್ನು ದೇವಾಲಯದ ಬಾಗಿಲಿಗೆ ಅಂಟಿಸುತ್ತೇವೆ.

ಎಷ್ಟು ಕೊಡಬೇಕು ಅಂತ ಕೇಳಬೇಡಿ. ಬಡ ವಿಧವೆ ಎರಡು ಕಾಸು ಹಾಕಿದ್ದನ್ನು ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡಿದ ಅಂತ ಮಾರ್ಕನು ಬರೆದಿದ್ದಾನೆ. ಹತ್ತು ರೂಪಾಯಿಗೂ ರಸೀದಿ ಕೊಡುತ್ತೇವೆ. ಹಣ ಬೇಡ ಅಂದರೆ ಸಾಗವಾನಿ ರೀಪು ಕೊಡಿ, ಒಂದು ದಿನದ ಬಡಗಿ ಕೆಲಸ ಕೊಡಿ, ಹಂಚು ಇಳಿಸುವ ದಿನ ಎರಡು ಕೈ ಕೊಡಿ. ವಾರಕ್ಕೊಮ್ಮೆ ಬಂದು ಗಟ್ಟಿಯಾಗಿ, ತಡೆಯದೆ ಕನ್ನಡ ಓದಬಲ್ಲ ಹುಡುಗ ಹುಡುಗಿಯರು ಸಿಕ್ಕರಂತೂ ನಮಗೆ ದೊಡ್ಡ ಉಪಕಾರ.

ಇನ್ನೊಂದು ಮಾತು, ಇದನ್ನು ತುಂಬಾ ಯೋಚಿಸಿ ಬರೆಯುತ್ತಿದ್ದೇನೆ. ಈ ಕಾಗದ ಓದುವಾಗ ಮಾತು ಬಿಟ್ಟ ಅಣ್ಣನೋ ತಂಗಿಯೋ ಪಕ್ಕದ ಮನೆಯವರೋ ನಿಮಗೆ ನೆನಪಾಗಿದ್ದರೆ, ಕಾಣಿಕೆ ಈಗ ಕೊಡಬೇಡಿ. ಮೊದಲು ಅಲ್ಲಿಗೆ ಹೋಗಿ ಬನ್ನಿ. ನಮ್ಮ ಮಾಡು ಒಂದು ತಿಂಗಳು ತಡವಾದರೂ ಪರವಾಗಿಲ್ಲ, ಬಕೆಟ್ ಇಟ್ಟುಕೊಂಡು ಓದುತ್ತೇವೆ.

ಭಾನುವಾರ ಆರಾಧನೆ ಆದ ಮೇಲೆ ಖಜಾಂಚಿಯವರು ಪಡಸಾಲೆಯಲ್ಲಿ ಕೂತಿರುತ್ತಾರೆ. ಫೋನಿನಿಂದ ಕಳಿಸುವವರಿಗೆ ಅವರ ಮೇಜಿನ ಮೇಲೆ ಕ್ಯೂಆರ್ ಕೋಡ್ ಇದೆ. ಬುಧವಾರ ಬರುವುದಾದರೆ ಗೇಟಿನಿಂದ ಬಲಕ್ಕೆ ತಿರುಗಿ, ಬೇವಿನ ಮರದ ಹಿಂದೆ ಬನ್ನಿ. ಮೇಜಿನ ಮೇಲಿರುವ ಸತ್ಯವೇದವನ್ನು ನಿಧಾನ ತೆರೆಯಿರಿ. ಅಜ್ಜಿಯ ಮೂರು ನೂಲು ಇನ್ನೂ ಅದರೊಳಗೆ ಇವೆ.

ಕರ್ತನ ಸೇವೆಯಲ್ಲಿ,
ಕಾರ್ಯದರ್ಶಿ, ಸಭೆಯ ಪರವಾಗಿ
ಬೆಟಗೇರಿ, ಗದಗ