ಇನ್ನು ಮುಂದೆ ನೈಟ್ರೋ ಬಾಟಲಿಗೆ ಸುರಿದು ಕೊಡುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ 1ನೇ ತಾರೀಖಿನಿಂದ ನಮ್ಮ ಕುಶಾಲನಗರದ ಅಂಗಡಿಯಲ್ಲಿ ರಿಮೋಟ್ ಕಾರುಗಳ ನೈಟ್ರೋ ಇಂಧನ ಬಿಡಿಯಾಗಿ ಸಿಗುವುದಿಲ್ಲ. ಸೀಲ್ ಒಡೆಯದ 1 ಲೀಟರ್ ಡಬ್ಬಿ ಮಾತ್ರ ಕೊಡುತ್ತೇವೆ. ಮಡಿಕೇರಿ, ಗೋಣಿಕೊಪ್ಪದ ಕಡೆಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಿದ್ದುದೂ ನಿಂತಿತು. ಹಾಕಲೇಬಾರದಿತ್ತು, ತಪ್ಪು ನಮ್ಮದೇ.

ಕಾರಣ ಹೇಳಿಬಿಡುತ್ತೇವೆ. ಹೋದ ತಿಂಗಳು ಅಂಗಡಿಯ ಹಿತ್ತಲಲ್ಲಿ ನಮ್ಮ ಹುಡುಗ ಗ್ಲೋ ಪ್ಲಗ್ (ಎಂಜಿನ್‌ನಲ್ಲಿ ಇಂಧನ ಹೊತ್ತಿಸುವ, ಕಾದು ಕೆಂಪಾಗುವ ತಂತಿಯ ಪ್ಲಗ್) ಕಳಚಿ, ಅದನ್ನು ಕಾಯಿಸುವ ಬ್ಯಾಟರಿ ಇಗ್ನೈಟರ್‌ಗೆ ಸಿಕ್ಕಿಸಿ, ಕೆಂಪಾಗುತ್ತದಾ ಎಂದು ನೋಡುತ್ತಿದ್ದ. ಪಕ್ಕದಲ್ಲೇ ಚೆಲ್ಲಿದ ಇಂಧನ. ಮಟಮಟ ಮಧ್ಯಾಹ್ನ. ಬೆಂಕಿ ಯಾರ ಕಣ್ಣಿಗೂ ಬೀಳಲಿಲ್ಲ. ಕೆಳಗೆ ಹಾಸಿದ್ದ ಗೋಣಿಚೀಲ ಸುಮ್ನೆ ಕಪ್ಪಾಗುತ್ತಾ ಹೋಯಿತು, ಆಗಲೇ ಗೊತ್ತಾಗಿದ್ದು. ಅವನ ಕೈಮೇಲಿನ ಕೂದಲು ಸುಟ್ಟಿತು, ಅಷ್ಟಕ್ಕೇ ಮುಗಿಯಿತು.

ನೈಟ್ರೋ ಎಂಬ ಹೆಸರಿದ್ದರೂ ಈ ಇಂಧನದಲ್ಲಿ ಜಾಸ್ತಿ ಇರುವುದು ಸಾಮಾನ್ಯವಾಗಿ ಮೆಥನಾಲ್. ಜೊತೆಗೆ ನೈಟ್ರೋಮೀಥೇನ್, ಎಣ್ಣೆ. ಮೆಥನಾಲ್ ಉರಿ ಬಿಸಿಲಲ್ಲಿ ಕಾಣುವುದೇ ಇಲ್ಲ ಎನ್ನಬಹುದು. ಸುಮಾರು 11 ಡಿಗ್ರಿ ಬಿಸಿ ಇದ್ದರೂ ಸಾಕು, ಅದರ ಆವಿ ಕಿಡಿಗೆ ಹತ್ತಿಕೊಳ್ಳುತ್ತದೆ. ಮಡಿಕೇರಿಯ ಡಿಸೆಂಬರ್ ಮಧ್ಯಾಹ್ನವೂ ಅದಕ್ಕಿಂತ ಬೆಚ್ಚಗೇ ಇರುತ್ತದೆ, ಅಲ್ವಾ?

ನಮಗೆ ಇನ್ನೂ ಹೆಚ್ಚು ಭಯ ಇರುವುದು ಮಳೆಗಾಲದ್ದು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಆಮೇಲೆ ಎಂಜಿನ್ ಸರಿಯಾಗಿ ಓಡುವುದಿಲ್ಲ ಎಂದು ನಾವೇ ನಿಮಗೆ ಹೇಳಿದ್ದೆವು. ಅದನ್ನು ಕೇಳಿ ಕೆಲವರು ಬಾಟಲಿಯನ್ನು ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದಾರಂತೆ! ನಮ್ಮೂರ ಮಳೆಯಲ್ಲಿ ಬಟ್ಟೆ, ಸೌದೆ, ಮೆಣಸು ಎಲ್ಲವೂ ಒಲೆ ಹತ್ತಿರ ಹೋಗುತ್ತವೆ, ಸರಿ. ಇದು ಮಾತ್ರ ಬೇಡ. ತೇವ ತಡೆಯಲು ಬಿಗಿ ಮುಚ್ಚಳ ಸಾಕು. ಒಲೆ, ಗ್ಯಾಸ್, ಇನ್ವರ್ಟರ್ ಇಲ್ಲದ, ಗಾಳಿಯಾಡುವ ಶೆಡ್ಡಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಜ್ಯೂಸ್ ಬಾಟಲಿಗೆ ಹಾಕಬೇಡಿ ಅನ್ನುವುದೂ ಮಕ್ಕಳಿಗಾಗಿಯೇ. ಮೆಥನಾಲ್ ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಕಾಫಿ ಕಣದಲ್ಲಿ ಕಾರು ಓಡಿಸುವವರು ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು ಇಂಧನ ತುಂಬಿ. ಪಕ್ಕದಲ್ಲಿ ಬೀಡಿ, ಸಿಗರೇಟು ಬೇಡ. ಒಣ ಪುಡಿಯ ಅಗ್ನಿಶಾಮಕ ಒಂದು ಜೊತೆಗಿರಲಿ. ನಮ್ಮಲ್ಲಿ ಲಾಭವಿಲ್ಲದೆ, ಕೊಂಡ ಬೆಲೆಗೇ ಕೊಡುತ್ತೇವೆ. ಪೆಟ್ರೋಲ್‌ನಲ್ಲಿ ಓಡುವ ರಿಮೋಟ್ ಕಾರಿನವರು ಬೆಂಕಿಗೆ ನೀರು ಹಾಕಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ.

ಅರ್ಧ ಲೀಟರ್ ಸಾಕು ಅನ್ನುವವರಿಗೆ ಇದರಿಂದ ಖರ್ಚು ಜಾಸ್ತಿ, ಗೊತ್ತು. ಹಾಗಾಗಿ ಮೊದಲ ತಿಂಗಳು ಡಬ್ಬಿಗೆ 50 ರೂಪಾಯಿ ಕಡಿಮೆ ಮಾಡಿದ್ದೇವೆ. ನಾವು ಹಿಂದೆ ತುಂಬಿಸಿಕೊಟ್ಟ ಬಾಟಲಿಗಳಲ್ಲಿ ಇಂಧನ ಉಳಿದಿದ್ದರೆ ಫೋನ್ ಮಾಡಿ, ನಮ್ಮವರೇ ಬಂದು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಹಿಡಿದುಕೊಂಡು ಬಸ್ ಹತ್ತಬೇಡಿ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ