ದೋಸ್ತಾ, ಫೋಟೋ ನೋಡಿ ನಡುಗಡ್ಡಿ ಆರಿಸಬ್ಯಾಡ

ದೋಸ್ತಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಮನಿ ಮಂದಿನೆಲ್ಲಾ ಕರಕೊಂಡು ಸ್ನಾರ್ಕ್ಲಿಂಗ್ (ಮಾಸ್ಕ್ ಹಾಕ್ಕೊಂಡು, ಬಾಯಾಗ ನಳಿಗಿ ಇಟ್ಟು, ನೀರಿನ ಮ್ಯಾಲ ತೇಲಿ ಮೀನ ನೋಡೂದು) ಮಾಡಾಕ ಹೋಗಬೇಕಂತಿ, ಗದ್ಲ ಇರಬಾರ್ದು, ಅವ್ವಗ ತ್ರಾಸ ಆಗಬಾರ್ದು, ಸಣ್ಣಾಕಿಗೆ ಈಜ ಬರೂದಿಲ್ಲ, ಮತ್ತ ಲಿಸ್ಟಿನಾಗ ಬರದದ್ದೇನಪಾ ಅಂದ್ರ ಮುರ್ಡೇಶ್ವರದ ಕಡೆ ನೇತ್ರಾಣಿ ಮತ್ತ ಅಂಡಮಾನಿನ ಹ್ಯಾವ್‌ಲಾಕ್ ನಡುಗಡ್ಡಿ! ಧಾರವಾಡದ ನಮ್ಮ ಗ್ಯಾಂಗಿನಾಗ ಇನ್ನೊಬ್ಬರೂ ಇದನ್ನ ಕೇಳಿದ್ರು, ಅದಕ ಎಲ್ಲಾರೂ ಓದ್ಲಿ ಅಂತ ಇಲ್ಲೇ ಹಾಕಾಕತ್ತೀನಿ.

ನೇತ್ರಾಣಿ ಮೊದಲ ಹೊಡದು ಹಾಕು. ಹುಬ್ಬಳ್ಳಿಯಿಂದ ಅರಬೈಲ್ ಘಾಟ್ ಇಳದು ಮುರ್ಡೇಶ್ವರಕ್ಕ ಹೋಗೂದು ಸಸಾರ ಖರೆ, ಆದ್ರ ಅಲ್ಲಿಂದ ಬೋಟಿನಾಗ ತಾಸೊಪ್ಪತ್ತು ಕುಲುಕಿಸ್ಕೊಂಡು ಹೋದ ಮ್ಯಾಲೂ ನಡುಗಡ್ಡಿ ಮ್ಯಾಲ ಇಳಿಯಾಕ ಬಿಡೂದಿಲ್ಲ, ಉಸುಕಿನ ದಂಡಿ ಇಲ್ಲ, ಬೋಟಿಂದ ಸೀದಾ ಆಳ ನೀರಿಗೆ ಜಿಗೀಬೇಕು. ಸ್ಕೂಬಾ, ಅಂದ್ರ ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ಆಳಕ್ಕ ಮುಳುಗೂದು ಮಾಡೋರಿಗೆ ಭಾರಿ ಜಾಗ ಅದು. ಕಾಲ ನೆಲಕ್ಕ ಹತ್ತಲಿಲ್ಲಂದ್ರ ಅಳೋ ಹುಡುಗಿ ಕರಕೊಂಡು ಹೋಗೂ ಜಾಗ ಅಲ್ಲ.

ನನ್ನ ಲೆಕ್ಕ ಇಷ್ಟ. ದಂಡಿಯಿಂದ ಹತ್ತಿಪ್ಪತ್ತು ಹೆಜ್ಜಿ ಒಳಗ ನಡದು ಹೋದ್ರ ನೀರು ಎದಿಮಟ ಇರಬೇಕು, ತೆರಿ ಇರಬಾರ್ದು, ಅಲ್ಲೇ ಮೀನ ಕಾಣಬೇಕು. ಇದು ಸಿಗೂದು ಲಗೂನ್ ಇದ್ದಲ್ಲಿ, ಅಂದ್ರ ದಂಡಿಗೂ ಹವಳದ ದಿಬ್ಬಕ್ಕೂ ನಡುವ ಇರೂ ಆಳ ಇಲ್ಲದ ನೀರಿನಾಗ. ಲಕ್ಷದ್ವೀಪದಾಗ ಹವಳದ ದಿಬ್ಬ ಕಂಪೌಂಡ್ ಗ್ವಾಡಿ ಇದ್ದಂಗ ಹೊರಗಿನ ತೆರಿ ತಡೀತೈತಿ, ಒಳಗ ನೀರು ಸುಮ್ಮನಿರ್ತೈತಿ. ಅದಕ ನಾ ಹೇಳೂದು ಕದ್ಮತ್. ಉದ್ದ 9 ಕಿಲೋಮೀಟರ್ ಮ್ಯಾಲ, ಅಗಲ ನೋಡಿದ್ರ ಅರ್ಧ ಕಿಲೋಮೀಟರ್ ಚಿಲ್ಲರೆ, ಪಶ್ಚಿಮಕ್ಕ ದೊಡ್ಡ ಲಗೂನ್. ಇನ್ನೊಂದು ಗೊತ್ತೈತೇನ, ಈ ಕದ್ಮತ್, ಅಮಿನಿ, ಕಿಲ್ತಾನ್ ಎಲ್ಲಾ 1956ರ ಮಟ ದಕ್ಷಿಣ ಕನ್ನಡ ಜಿಲ್ಲೆಕ್ಕನ ಸೇರಿದ್ವು, ಮಂಗಳೂರಿನ ಕಲೆಕ್ಟರ್ ಕೈಯಾಗ. ನಾವು ಅದನ್ನ ಯಾವುದೋ ದೂರದ ದೇಶ ಅಂದ್ಕೊಂಡು ಕುಂತೀವಿ.

ತ್ರಾಸೂ ಐತಿ, ಮುಚ್ಚಿಡೂದಿಲ್ಲ. ಪರ್ಮಿಟ್ ಬೇಕು, ಕಾಗದಪತ್ರ ಬೇಕು, ಅದಕ ತಿಂಗಳೊಪ್ಪತ್ತು ಮೊದಲ ಶುರು ಮಾಡು. ವಿಮಾನ ಇಳಿಯೂದು ಅಗತ್ತಿಯೊಳಗ, ಅಲ್ಲಿಂದ ಮತ್ತ ಬೋಟ್. ಬಂಗಾರಂ ಅನ್ನೂ ನಡುಗಡ್ಡಿ ಒಂದು ಬಿಟ್ಟು ಲಕ್ಷದ್ವೀಪದಾಗ ಎಲ್ಲೂ ದಾರು ಇಲ್ಲ, ಇದನ್ನ ನಿನ್ನ ಭಾವಗ ಮೊದಲ ಹೇಳಿಬಿಡು, ಅಲ್ಲಿ ಹೋದ ಮ್ಯಾಲ ಮಾರಿ ಸಣ್ಣ ಮಾಡೂದು ಬ್ಯಾಡ. ಊಟಕ್ಕ ಎಲ್ಲಾ ಕಡೆ ಟೂನಾ ಮೀನ, ಟೆಂಗಿನಕಾಯಿ. ಅವ್ವಗ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟಗೊಂಡು ಹೋಗು, ಚಿಂತಿನ ಇಲ್ಲ.

ಒಂದು ಮಾತು ಮಕ್ಕಳಿಗೆ ಮೊದಲ ತಿಳಿಸಿ ಹೇಳು. ಇನ್ಸ್ಟಾದಾಗ ಕಾಣೂ ಬಣ್ಣಬಣ್ಣದ ಹವಳದ ತೋಟ ಎಲ್ಲಾ ಕಡೆ ಸಿಗೂದಿಲ್ಲ. 1998, 2010, 2016, ಆಮ್ಯಾಲ 2024ರಾಗ ಸಮುದ್ರ ಕಾದು ಹವಳ ಬೆಳ್ಳಗಾತು, ಹವಳದ ಒಳಗಿರೂ ಸಣ್ಣ ಪಾಚಿ ಬಿಟ್ಟು ಹೋದ್ರ ಅದಕ್ಕ ಬಣ್ಣಾನೂ ಇಲ್ಲ, ಹೊಟ್ಟಿಗೂ ಇಲ್ಲ, ಭಾಳ ದಿನ ಹಂಗ ಇದ್ರ ಸಾಯ್ತೈತಿ. ಆದ್ರೂ ಆಮಿ ಅದಾವು, ಚಿಟ್ಟಿ ಮೀನ ಅದಾವು, ಗಿಣಿ ಮೀನ ಹವಳದ ಕಲ್ಲು ಕಟಕಟ ಕಡಿಯೂ ಸಪ್ಪಳ ನೀರಾಗ ಕೇಳಸ್ತೈತಿ. ಅದು ಕಡದು ಹಿಂದಿಂದ ಬಿಡೂದು ಬಿಳೇ ಉಸುಕು, ನಾವು ಹಾಸಿಕೊಂಡು ಮಲಗೂ ದಂಡಿಯೊಳಗ ಅದೂ ಸೇರೈತಿ ಅಂತ ಹೇಳು, ಸಣ್ಣಾಕಿ ನಕ್ಕು ನಕ್ಕು ಸಾಯ್ತಾಳ.

ಪರ್ಮಿಟ್ ಜಂಜಾಟ ಬ್ಯಾಡಂದ್ರ ಅಂಡಮಾನಿನ ನೀಲ್, ಈಗ ಶಹೀದ್ ದ್ವೀಪ. ಹ್ಯಾವ್‌ಲಾಕಿನಕಿಂತ ಸಣ್ಣದು, ಕಾಯಿಪಲ್ಲೆ ಬೆಳೆಯೋ ರೈತರ ಊರು, ಸಂಜಿ ಆದ್ರ ಎಲ್ಲಾ ಸುಮ್ಮ. ಹ್ಯಾವ್‌ಲಾಕಿನ ಎಲಿಫೆಂಟ್ ಬೀಚ್ ಚಂದ ಐತಿ ಆದ್ರ ಜೆಟ್‌ಸ್ಕಿ, ಬೋಟು, ಜನ, ಜಾತ್ರಿನ. ನೀಲಿನ ಭರತ್‌ಪುರ ಬೀಚಿನಾಗ ನೀರು ಇಳದಾಗ ಹೋದ್ರ ಹವಳ ಕಾಲಿಗೆ ಚುಚ್ಚತಾವು, ಭರತಿ ಇದ್ದಾಗ ಹೋಗು. ಅಮಾಸಿ ಹುಣ್ಣಿವಿ ಆಜುಬಾಜು ಏರಿಳಿತ ಭಾಳ, ಅಷ್ಟಮಿ ನವಮಿಗೆ ಕಡಿಮಿ, ಅಂದ್ರ ಮನಿ ಗ್ವಾಡಿ ಮ್ಯಾಲಿನ ಪಂಚಾಂಗ ನೋಡಿದ್ರ ಅರ್ಧ ಕೆಲಸ ಮುಗೀತು. ಅಂಡಮಾನಿನಾಗ ಉಪ್ಪುನೀರಿನ ಮೊಸಳಿ ಅದಾವು, ಬೋರ್ಡ್ ಹಾಕಿದ ಕಡೆ ಇಳೀಬ್ಯಾಡ, ಲಕ್ಷದ್ವೀಪದಾಗ ಆ ಕಾಟ ಇಲ್ಲ.

ದಸರಾ ಸೂಟಿ ಬ್ಯಾಡ, ಅಂಡಮಾನಿನಾಗ ಆವಾಗ ಇನ್ನೂ ಮಳಿ. ಮೇ ತಿಂಗಳ ಅಂತೂ ಕೇಳಲೇಬ್ಯಾಡ, ಮುಂಗಾರು ಬಂತಂದ್ರ ಲಕ್ಷದ್ವೀಪದ ಬೋಟುಗಳು ಕಟ್ಟಿ ಹಾಕ್ತಾರ. ಫೆಬ್ರವರಿ ಚೊಲೊ, ಸಾಲಿ ನಾಲ್ಕು ದಿನ ಬಿಟ್ರ ಏನೂ ಆಗೂದಿಲ್ಲ, ಮಾಸ್ತರ್ ಜೋಡಿ ನಾ ಮಾತಾಡ್ತೀನಿ ಬೇಕಂದ್ರ. ವಾಪಸ್ ಬರೂಕಿಂತ ಮೊದಲ ಒಂದು ದಿನ ಖಾಲಿ ಇಟ್ಟುಕೋ, ಗಾಳಿ ಎದ್ರ ಬೋಟ್ ಕ್ಯಾನ್ಸಲ್ ಆಗ್ತಾವು.

ಮಾಸ್ಕ್ ಇಲ್ಲೇ ತಗೋ, ಮಕ್ಕಳಿಗೆ ಸಣ್ಣ ಸೈಜಿಂದ. ಬೆಲ್ಟ್ ಹಾಕದ ಮುಖಕ್ಕ ಒತ್ತಿ ಮೂಗಿಲೆ ಉಸಿರು ಜಗ್ಗು, ಕೈ ಬಿಟ್ರೂ ನಿಂತ್ರ ಅದು ನಿನ್ನ ಮಾಸ್ಕ್. ನಿನ್ನ ಕೇಸ್ ಬ್ಯಾರೆ, ಆ ಮೀಸಿ ಇರೂ ಮಟ ಮಾಸ್ಕಿನಾಗ ನೀರು ಸೋರೂದ ಸೋರೂದು, ಮ್ಯಾಲಿನ ಅಂಚು ಸ್ವಲ್ಪ ಕತ್ತರಿಸು, ಮಾನ ಹೋಗೂದಿಲ್ಲ. ಹುಬ್ಬಳ್ಳಿ ಸ್ವಿಮ್ಮಿಂಗ್ ಪೂಲಿನಾಗ ಒಂದೆರಡು ಸಲ ಎಲ್ಲಾರೂ ಬಾಯಿಲೆ ಉಸಿರಾಡೂದು ರೂಢಿ ಮಾಡ್ಕೋರಿ. ತುಂಬು ತೋಳಿನ ಟೀಶರ್ಟ್ ಹಾಕ್ಕೊಂಡ ಇಳೀರಿ, ಬೆನ್ನು ಸುಡೂದು ಗೊತ್ತ ಆಗೂದಿಲ್ಲ, ರಾತ್ರಿ ಮಲಗುವಾಗ ಗೊತ್ತಾಗ್ತೈತಿ. ಅವ್ವಗ ಲೈಫ್ ಜಾಕೆಟ್ ಹಾಕಿ ಎದಿಮಟ ನೀರಾಗ ನಿಲ್ಲಿಸು, ಮಾರಿ ನೀರಿಗೆ ಹಾಕಿದ್ರ ಸಾಕು. ಹವಳದ ಚೂರು ಕಿಸೆಯೊಳಗ ಹಾಕ್ಕೊಂಡು ಬರಬ್ಯಾಡ್ರಿ, ಕಾನೂನಿನ ಪ್ರಕಾರ ಅಪರಾಧ, ಏರ್‌ಪೋರ್ಟಿನಾಗ ಬ್ಯಾಗ್ ತಗಸ್ತಾರ.

ಎಷ್ಟು ಮಂದಿ, ಯಾವ ತಾರೀಖು ಅಂತ ಆದಿತ್ಯವಾರದೊಳಗ ಹೇಳು. ಎಲ್ಲಾರ ಆಧಾರ್ ಕಾಪಿ, ಫೋಟೋನೂ ಕಳಿಸು, ಪರ್ಮಿಟ್ ಫಾರ್ಮ್ ಕುಂತು ತುಂಬೂಣು.

ನಿನ್ನ ದೋಸ್ತ, ಧಾರವಾಡ